ಸಭೆಯ ಮೈಕು

ಬಸವೇಶ್ವರನಗರ, ಬೆಂಗಳೂರು
೧೭ ಜೂನ್ ೨೦೨೪

ಪ್ರೀತಿಯ ಸತ್ಯವತಿ ಟೀಚರ್‌ಗೆ,

ಕರ್ತನ ನಾಮದಲ್ಲಿ ವಂದನೆಗಳು.

ನಿಮ್ಮ ಸಂಡೇ ಸ್ಕೂಲಿನ ಉದಯಕುಮಾರ ಬರೆಯುತ್ತಿರುವ ಕಾಗದ ಇದು. ಐವತ್ತರ ಹತ್ತಿರ ಬಂದರೂ ನಿಮಗೆ ಬರೆಯುವಾಗ ಅಕ್ಷರ ದುಂಡಗಿರಬೇಕು ಅನ್ನುವ ಭಯ ಹೋಗಿಲ್ಲ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿಬಿಡಿ.

ಟೀಚರ್, ಹೀಗೆ ಹೇಳದೆ ಕೇಳದೆ ಹೊರಟುಹೋಗಬಹುದೇ? ನಲವತ್ತೈದು ವರ್ಷ ಒಂದೇ ಸಭೆಯಲ್ಲಿ ಆರಾಧನೆ ಮಾಡಿದವರು ನೀವು. ಜೂನ್ ಎರಡರಂದು, ತಿಂಗಳ ಮೊದಲ ಭಾನುವಾರ, ಪ್ರಭು ಭೋಜನಕ್ಕೆ ಬಂದಿದ್ದಿರಿ, ಒಂಬತ್ತರಂದು ಕಾಣಲಿಲ್ಲ. ಜ್ವರವಿರಬೇಕೆಂದು ಸಂಜೆ ವಿಜಯನಗರದ ಮನೆಗೆ ಹೋದರೆ ಬೀಗ. ಮೇಲಿನ ಮನೆಯವರು, ‘ಟೀಚರ್ ಬೆಟಗೇರಿಗೆ ಹೋದ್ರಲ್ಲ, ತಂಗಿ ಮಗಳ ಮನೆಗೆ. ಸಾಮಾನೆಲ್ಲ ಲಾರೀಲಿ ಹೋಯ್ತು. ನಿಮಗೆ ಗೊತ್ತಿಲ್ವಾ ಸಾರ್?’ ಅಂದರು. ನನಗೆ ಗೊತ್ತಿರಲಿಲ್ಲ. ನಿಮ್ಮ ಕೈಯಲ್ಲಿ ಹಾಡು ಕಲಿತು, ಇಪ್ಪತ್ತು ವರ್ಷದಿಂದ ಅದೇ ಸಭೆಯ ಕ್ವಾಯರ್ ನಡೆಸುತ್ತಿರುವವನಿಗೆ ಗೊತ್ತಿರಲಿಲ್ಲ.

ನಿಮ್ಮ ತಂಗಿ ಮಗಳು ಶುಭಾಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಒಂದೇ ಉತ್ತರ: ‘ದೊಡ್ಡಮ್ಮ ಫೋನ್‌ಗೆ ಬರಲ್ಲಂತೆ ಅಣ್ಣ, ಕಾಗದ ಬರೀಬೇಕಂತೆ.’ ಅದಕ್ಕೇ ಬರೆಯುತ್ತಿದ್ದೇನೆ.

ನನ್ನಿಂದೇನಾದರೂ ಬೇಸರವಾಯಿತೇ? ಹೋದ ವರ್ಷ ಬೇಸಿಗೆಯಲ್ಲಿ ನಿಮ್ಮ ಕುರ್ಚಿಯನ್ನು ಮುಂದಿನ ಸಾಲಿನಿಂದ ತೆಗೆದು ಹಿಂದಿನ ಕಂಬದ ಹತ್ತಿರ, ಫ್ಯಾನಿನ ಕೆಳಗೆ ಹಾಕಿದ್ದು ನಾನೇ. ಅದು ನಿಮ್ಮ ಅನುಕೂಲಕ್ಕೆಂದೇ. ಅದರಿಂದ ಮನಸ್ಸಿಗೆ ಏನಾದರೂ ಆಗಿದ್ದರೆ ದಯವಿಟ್ಟು ಬರೆಯಿರಿ. ಆ ಜಾಗದಲ್ಲಿ ಈಗ ಯಾರೂ ಕೂರುತ್ತಿಲ್ಲ.

ನಿಮ್ಮ ವಿದ್ಯಾರ್ಥಿ,
ಉದಯಕುಮಾರ್


ಬೆಟಗೇರಿ
೨ ಜುಲೈ ೨೦೨೪

ಪ್ರಿಯ ಉದಯನಿಗೆ,

ಸ್ತೋತ್ರ. ಅಕ್ಷರ ಪರವಾಗಿಲ್ಲ. ಆದರೆ ಕಾಗದದ ತುಂಬ ಅಳು ತುಂಬಿದ್ದೀಯ. ನಿನಗೆ ಚಿಕ್ಕಂದಿನಿಂದಲೂ ಅದೇ ಅಭ್ಯಾಸ, ಕ್ರಿಸ್‌ಮಸ್ ನಾಟಕದಲ್ಲಿ ಕುರುಬನ ಪಾತ್ರ ಕೊಟ್ಟರೆ ರಾಜನ ಪಾತ್ರ ಕೊಡಲಿಲ್ಲ ಅಂತ ಅತ್ತವನು.

ಬೇಸರ ಮಾಡಿಕೊಂಡು ಹೋಗಲು ನಾನೇನು ಹೊಸ ಸೊಸೆಯೇ? ಎಪ್ಪತ್ತಾರಾಯಿತು. ಒಬ್ಬಳೇ ಇರುವುದು ಕಷ್ಟವಾಯಿತು, ಬಂದೆ. ಎಲ್ಲರಿಗೂ ಹೇಳಿ ಹೊರಟರೆ ನೀವು ಶಾಲು, ಹಾರ, ಭಾಷಣ ಅಂತ ಶುರು ಮಾಡುತ್ತೀರಿ. ಫೋನು ನನಗೆ ಒಗ್ಗುವುದಿಲ್ಲ, ಯಾಕೆ ಅಂತ ಕೇಳಬೇಡ.

ಫ್ಯಾನಿನ ವಿಷಯ ಬರೆದಿದ್ದೀಯ. ಅದರಲ್ಲಿ ಬೇಸರ ಎಲ್ಲಿಂದ ಬಂತೋ? ಆ ಬೇಸಿಗೆಯಲ್ಲಿ, ಅಷ್ಟು ಜನರ ನಡುವೆ, ಈ ಮುದುಕಿಗೆ ಸೆಖೆಯಾಗುತ್ತಿದೆ ಅಂತ ಕಂಡದ್ದು ನಿನಗೊಬ್ಬನಿಗೆ. ಬೆಳಿಗ್ಗೆ ಬೇಗ ಬಂದು ನೀನೇ ಕುರ್ಚಿ ಹೊತ್ತು ಹಾಕಿದ್ದೆ. ಶುಭಾಗೆ ಎಷ್ಟು ಸಲ ಹೇಳಿದ್ದೇನೋ. ಇಲ್ಲಿನ ಮಹಿಳಾ ಕೂಟದಲ್ಲೂ ಹೇಳಿದೆ. ನನಗೆ ಮಕ್ಕಳಿಲ್ಲ ಅಂತ ಯಾರಾದರೂ ಅಯ್ಯೋ ಪಾಪ ಅಂದರೆ ಇದನ್ನೇ ಹೇಳಿ ಬಾಯಿ ಮುಚ್ಚಿಸುತ್ತೇನೆ.

ಇಲ್ಲಿ ನಮ್ಮ ಓಣಿಯಲ್ಲಿ ಮಗ್ಗಗಳಿವೆ. ಆ ಸದ್ದಿಗೆ ಶುಭಾ ತಲೆನೋವು ಅನ್ನುತ್ತಾಳೆ, ನನಗೇನೂ ತೊಂದರೆಯಿಲ್ಲ. ಭಾನುವಾರ ಊಟವಾದ ಮೇಲೆ ಟೀವಿಯಲ್ಲಿ ನಮ್ಮ ಸಭೆಯ ಆರಾಧನೆ ಹಾಕಿಕೊಡುತ್ತಾಳೆ. ನೀನು ಕೈ ಆಡಿಸುವುದನ್ನು ನೋಡುತ್ತೇನೆ. ಎಡಗೈ ಇನ್ನೂ ಸೊಟ್ಟಗೇ ಹೋಗುತ್ತದೆ.

ನಿನ್ನ ಟೀಚರ್,
ಸತ್ಯವತಿ


ಬಸವೇಶ್ವರನಗರ
೨೧ ಜುಲೈ ೨೦೨೪

ಪ್ರೀತಿಯ ಟೀಚರ್,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಕನ್ನಡಕದ ಅಂಗಡಿಯಲ್ಲಿ ಕೂತು ಓದಿದೆ. ಕುರ್ಚಿಯ ಬಗ್ಗೆ ನೀವು ಬರೆದ ಸಾಲುಗಳನ್ನು ಓದಿ ಆ ದಿನ ಊಟ ಸೇರಲಿಲ್ಲ. ಯಾಕೆಂದು ಇನ್ನೊಮ್ಮೆ ಬರೆಯುತ್ತೇನೆ. ಮಹಿಳಾ ಕೂಟದಲ್ಲಿ ಅದನ್ನೆಲ್ಲ ಹೇಳಬೇಡಿ ಟೀಚರ್, ನನ್ನನ್ನು ಅಷ್ಟೊಂದು ಹೊಗಳಬೇಡಿ.

ಇಲ್ಲಿ ಎಲ್ಲ ಕ್ಷೇಮ. ದೇವಾಲಯದ ಸುಗ್ಗಿ ಹಬ್ಬದ ಹಾಡುಗಳ ಅಭ್ಯಾಸ ನಡೆದಿದೆ. ಸೌಂಡ್ ನೋಡಿಕೊಳ್ಳುವ ಗಿರಿರಾಜ್ ಹೊಸ ಮಿಕ್ಸರ್ ತಂದಿದ್ದಾನೆ. ಹೋದ ಭಾನುವಾರ ಲೈವ್‌ನಲ್ಲಿ ನೂರ ಹನ್ನೆರಡು ಜನ ನೋಡಿದರು, ಕುವೈತ್‌ನಿಂದಲೂ ಒಬ್ಬರು ಚೆನ್ನಾಗಿದೆ ಅಂತ ಬರೆದಿದ್ದಾರೆ. ಕ್ವಾಯರ್ ಅಂದರೆ ಹೀಗಿರಬೇಕು ಅಂದರಂತೆ.

ನಿಮ್ಮ ಕನ್ನಡಕದ ಕಾಲು ಸಡಿಲವಾಗಿತ್ತು. ಯಾರಾದರೂ ಬೆಂಗಳೂರಿಗೆ ಬರುವವರಿದ್ದರೆ ಅವರ ಕೈಯಲ್ಲಿ ಕಳಿಸಿ, ಸರಿ ಮಾಡಿಕೊಡುತ್ತೇನೆ.

ಉದಯಕುಮಾರ್


ಬೆಟಗೇರಿ
೮ ಸೆಪ್ಟೆಂಬರ್ ೨೦೨೪

ಪ್ರಿಯ ಉದಯನಿಗೆ,

ಸ್ತೋತ್ರ. ಇವತ್ತು ಒಂದು ಗುಟ್ಟು ಹೇಳುತ್ತೇನೆ, ನಗಬೇಡ. ನನಗೆ ಮೂರು ವರ್ಷದಿಂದ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ‘ಕಿವಿ ಎಲ್ಲಿಟ್ಟಿದ್ದೀಯೋ’ ಅಂತ ಮಕ್ಕಳನ್ನು ಬೈದವಳು, ನಾನೇ ಹೋಗಿ ಏನಂತ ಹೇಳಲಿ? ಎದುರಿನವರ ಬಾಯಿ ನೋಡಿಕೊಂಡು ಅಂದಾಜಿನ ಮೇಲೆ ಸಂಭಾಳಿಸಿದೆ. ಮೇ ತಿಂಗಳಲ್ಲಿ ಹೊಸಹಳ್ಳಿ ಮೆಟ್ರೋ ಹತ್ತಿರ ರಸ್ತೆ ದಾಟುವಾಗ ಸ್ಕೂಟರಿನವನೊಬ್ಬ ತೋಳಿಗೆ ತಾಗಿಸಿಕೊಂಡೇ ಹೋದ. ಹಾರ್ನ್ ಹೊಡೆದಿದ್ದನಂತೆ, ನನಗೆ ಕೇಳಿಸಿರಲಿಲ್ಲ. ಅವತ್ತು ಹೆದರಿದೆ. ಬೆಂಗಳೂರು ಬಿಟ್ಟದ್ದು ಅದಕ್ಕೆ, ಫೋನಿಗೆ ಬಾರದ್ದೂ ಅದಕ್ಕೇ. ನೀನು ಏನೇನೋ ತಿಳಿದುಕೊಂಡೆ.

ಶುಭಾ ಬಿಡಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದಳು. ಮಗ್ಗದ ಸದ್ದು ಈಗ ಗೊತ್ತಾಯಿತು, ಪಾಪ ಅವಳಿಗೆ ತಲೆನೋವು ಬಂದದ್ದರಲ್ಲಿ ತಪ್ಪಿಲ್ಲ.

ಮಿಷನ್ ಹಾಕಿಕೊಂಡು ಮೊದಲ ಭಾನುವಾರ ದೇವಾಲಯಕ್ಕೆ ಹೋದೆ. ಮೊದಲನೇ ಹಾಡಿಗೆ ಬಾಯಿ ತೆರೆದೆ. ಯಾರೋ ಮರದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದ ಹಾಗೆ ಸದ್ದು. ಯಾರಪ್ಪಾ ಅಂತ ಪಕ್ಕಕ್ಕೆ ನೋಡಿದೆ. ನಾನೇ ಕಣೋ! ಎಲ್ಲರೂ ಸಾಲಿನ ಕೊನೆ ಮುಟ್ಟಿದಾಗ ನಾನಿನ್ನೂ ಅರ್ಧದಲ್ಲಿದ್ದೆ. ಮನೆಗೆ ಬಂದು ಶುಭಾಳ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಬಚ್ಚಲುಮನೆಗೆ ಹೋಗಿ ಸ್ವಲ್ಪ ಅತ್ತೆ.

ಮೂರು ವರ್ಷ ಹೀಗೆ ಹಾಡಿದ್ದೇನಲ್ಲ, ನೀನಾದರೂ ಹೇಳಬಾರದಿತ್ತಾ? ಊರವರ ಕಣ್ಣು ಪರೀಕ್ಷೆ ಮಾಡುವವನಿಗೆ ನನ್ನ ಕಿವಿ ಗೊತ್ತಾಗಲಿಲ್ಲವಾ? ‘ಟೀಚರ್, ಶ್ರುತಿ ಹೋಗ್ತಾ ಇದೆ, ಸ್ವಲ್ಪ ಮೆಲ್ಲಗೆ’ ಅಂದಿದ್ದರೆ ನಾನೇನು ನಿನ್ನನ್ನು ಕಚ್ಚುತ್ತಿದ್ದೆನಾ? ನಿನಗೆ ಎಲ್ಲರ ಮುಂದೆ ಎಷ್ಟು ಸಲ ಹೇಳಿಲ್ಲ ನಾನು.

ಇನ್ನೊಂದು. ಮಿಷನ್ ಬಂದ ಮೇಲೆ ಟೀವಿಯಲ್ಲಿ ನಮ್ಮ ಆರಾಧನೆ ಕೇಳಿದೆ. ನಾಲ್ಕು ವಾರದಿಂದ ಕೇಳುತ್ತಿದ್ದೇನೆ. ನಿನ್ನ ಕ್ವಾಯರಿನ ಎಂಟು ಜನರ ದನಿ ಬಿಟ್ಟರೆ ಬೇರೆ ದನಿಯೇ ಇಲ್ಲ. ಮುನಿರಾಜು ಎಲ್ಲಿ ಹೋದ? ಅವನು ಹಾಡಿದರೆ ಗೋಡೆ ಅದುರಬೇಕಲ್ಲ. ಕ್ಯಾಮರಾ ನಿಮ್ಮ ಮುಖ ಬಿಟ್ಟು ಆ ಕಡೆ ತಿರುಗುವುದೇ ಇಲ್ಲ. ಸಭೆ ಖಾಲಿಯಾಗಿದೆಯೇನೋ? ಕೊರೋನಾ ಆದ ಮೇಲೆ ಜನ ಮನೆಯಲ್ಲೇ ಫೋನ್ ನೋಡಿಕೊಂಡು ಕೂರುತ್ತಾರೆ ಅಂತ ಇಲ್ಲಿಯ ಪಾದ್ರಿ ಅಯ್ಯನವರೂ ಹೇಳುತ್ತಿದ್ದರು. ನಿಜ ಬರೆ. ನನಗೆ ಆ ಯೋಚನೆಯೇ ಹತ್ತಿದೆ.

ಸತ್ಯವತಿ


ಬಸವೇಶ್ವರನಗರ
೨೯ ಸೆಪ್ಟೆಂಬರ್ ೨೦೨೪

ಪ್ರೀತಿಯ ಟೀಚರ್,

ಕಿವಿಯ ವಿಷಯ ಓದಿ ತುಂಬ ನೋವಾಯಿತು, ಮಿಷನ್ ಹಾಕಿಸಿದ್ದು ತಿಳಿದು ಸಂತೋಷವೂ ಆಯಿತು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ವಯಸ್ಸಾದ ಮೇಲೆ ದನಿ ಹಾಗಾಗುತ್ತದೆ ಅಂದುಕೊಂಡಿದ್ದೆ. ನಿಮಗೆ ಹೇಳುವಷ್ಟು ದೊಡ್ಡವನು ನಾನಲ್ಲ ಟೀಚರ್.

ಸಭೆಯ ಬಗ್ಗೆ ಕೇಳಿದ್ದೀರಿ. ಹೌದು, ಜನ ಸ್ವಲ್ಪ ಕಡಿಮೆಯಾಗಿದ್ದಾರೆ. ಎಲ್ಲ ಕಡೆಯೂ ಹಾಗೇ ಇದೆಯಂತೆ. ನೀವು ಚಿಂತೆ ಮಾಡಬೇಡಿ, ಪ್ರಾರ್ಥನೆಯಲ್ಲಿ ನೆನಪಿಟ್ಟುಕೊಂಡರೆ ಸಾಕು.

ಅಂಗಡಿಯಲ್ಲಿ ಹಬ್ಬದ ಗಿರಾಕಿಗಳು. ಇಷ್ಟಕ್ಕೇ ಮುಗಿಸುತ್ತೇನೆ.

ಉದಯ


ಬೆಟಗೇರಿ
೧೪ ಅಕ್ಟೋಬರ್ ೨೦೨೪

ಪ್ರಿಯ ಉದಯನಿಗೆ,

ನಿನ್ನ ಕಾಗದ ಓದಿ ಎರಡು ದಿನ ಸುಮ್ಮನೆ ಕೂತೆ. ಆಮೇಲೆ ಕೂತಿದ್ದು ಸಾಕು ಅನ್ನಿಸಿತು. ಇಲ್ಲಿನ ಮಹಿಳಾ ಕೂಟದವರಿಗೆ ಹೇಳಿದೆ. ಶುಕ್ರವಾರ ಶುಕ್ರವಾರ ಹನ್ನೊಂದು ಹೆಂಗಸರು ಒಂದು ಹೊತ್ತು ಉಪವಾಸ ಮಾಡಿ ನಮ್ಮ ಸಭೆಗಾಗಿ ಪ್ರಾರ್ಥನೆ ಮಾಡುತ್ತಿದ್ದೇವೆ. ಅದರಲ್ಲಿ ಒಬ್ಬಾಕೆಗೆ ಸಕ್ಕರೆ ಕಾಯಿಲೆ, ಬೇಡ ಅಂದರೂ ಕೇಳುವುದಿಲ್ಲ. ‘ನಿಮ್ಮ ಗುಡಿ ಖಾಲಿ ಆದ್ರ ನಮ್ದು ತುಂಬಿ ಏನ್ ಬಂತ್ರೀ ಅಕ್ಕಾರ’ ಅಂದಳು.

ಶುಭಾಳ ಗಂಡನ ಕೈಯಲ್ಲಿ ಪೋಸ್ಟ್ ಕಾರ್ಡು ತರಿಸಿ, ಯಾರ ಯಾರ ದನಿ ಕೇಳಿಸುತ್ತಿಲ್ಲವೋ ಅವರಿಗೆಲ್ಲ ಬರೆದಿದ್ದೇನೆ, ಮುನಿರಾಜುಗೆ ಎಲ್ಲರಿಗಿಂತ ಖಾರವಾಗಿ. ಮನೆಯಲ್ಲಿ ಪ್ರಾರ್ಥನೆ ಮಾಡಿಕೊಂಡರೆ ಸಾಕು ಅನ್ನುವವನು ಮನೆಯಲ್ಲೇ ಒಬ್ಬನೇ ಹಬ್ಬದೂಟ ಮಾಡಲಿ ನೋಡೋಣ ಅಂತ ಬರೆದೆ. ನಾವು ಸೇರಿ ನಿಲ್ಲುವುದೇ ಆರಾಧನೆಯ ಅರ್ಧ ಭಾಗ. ದೇವರಿಗೆ ನಮ್ಮ ಅವಶ್ಯಕತೆ ಇಲ್ಲದಿರಬಹುದು, ನಮಗೆ ಪಕ್ಕದವರ ಅವಶ್ಯಕತೆ ಇದೆ.

ನೀನು ಧೈರ್ಯ ಕಳೆದುಕೊಳ್ಳಬೇಡ. ಎಂಟು ಜನರಿದ್ದರೂ ಹಾಡಿಸು.

ಸತ್ಯವತಿ


ಬಸವೇಶ್ವರನಗರ
೧೦ ನವೆಂಬರ್ ೨೦೨೪, ಭಾನುವಾರ

ಟೀಚರ್,

ಸಭೆ ಖಾಲಿಯಾಗಿಲ್ಲ.

ಎಲ್ಲರೂ ಇದ್ದಾರೆ. ಇವತ್ತು ಇನ್ನೂರು ಜನಕ್ಕೆ ಮೇಲೆ ಬಂದಿದ್ದರು, ಕುರ್ಚಿ ಸಾಲದೆ ಮೆಟ್ಟಿಲ ಮೇಲೂ ಕೂತಿದ್ದರು. ಮುನಿರಾಜು ಒಂದು ವಾರವೂ ತಪ್ಪಿಸಿಲ್ಲ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಕಾರ್ಡು ಹಿಡಿದುಕೊಂಡು ನನ್ನ ಹತ್ತಿರ ಬಂದ. ‘ಏನ್ ಉದಯಣ್ಣ ಇದು? ಮಳೆ ಬಂದ್ರೂ ಬಿಟ್ಟೋನಲ್ಲ ನಾನು. ಟೀಚರ್ ಯಾಕೆ ಹಿಂಗೆ ಬರ್ದಿದಾರೆ? ನಾನು ಸತ್ತೋದೆ ಅಂತ ಯಾರಾದ್ರೂ ಹೇಳಿದ್ರಾ?’ ಅಂದ. ನಗುತ್ತಲೇ ಕೇಳಿದ, ಆದರೆ ಕಣ್ಣಲ್ಲಿ ನೀರಿತ್ತು. ಹಿಂದೆ ಇನ್ನೂ ನಾಲ್ಕು ಜನ ಕಾರ್ಡು ಹಿಡಿದು ನಿಂತಿದ್ದರು. ನಾನು ಏನೋ ತಪ್ಪು ತಿಳುವಳಿಕೆ ಅಂದು ತಪ್ಪಿಸಿಕೊಂಡೆ. ಆಗಲೂ ಸುಳ್ಳು. ಅಷ್ಟು ಜನ ಹೆಂಗಸರು ಅಲ್ಲಿ ಹಸಿದುಕೊಂಡು ಕೂತಿದ್ದಾರೆ ಅನ್ನುವುದು ಅವತ್ತಿನಿಂದ ತಲೆಯಿಂದ ಹೋಗುತ್ತಿಲ್ಲ. ಸಕ್ಕರೆ ಕಾಯಿಲೆಯ ಆ ಅಮ್ಮನಿಗೆ ಇವತ್ತೇ ಹೇಳಿ, ಉಪವಾಸ ಬೇಡ ಅಂತ.

ಅವರ ದನಿ ನಿಮಗೆ ಕೇಳಿಸದಿದ್ದದ್ದು ಯಾಕೆಂದರೆ ನಾನು ಸಭೆಯ ಮೈಕನ್ನು ಬಂದ್ ಮಾಡಿಸಿದ್ದೇನೆ. ಜನರ ದನಿ ಹಿಡಿಯಲು ಮೇಲೆ ಎರಡು ಮೈಕು ತೂಗುಹಾಕಿದ್ದೆವು, ನಿಮಗೆ ನೆನಪಿರಬಹುದು. ಒಂದೂವರೆ ವರ್ಷದಿಂದ ಅವು ಬಂದ್. ಲೈವ್‌ಗೆ ಹೋಗುವುದು ಕ್ವಾಯರಿನ ಎಂಟು ಜನರ ದನಿ ಮಾತ್ರ, ಇನ್ನೂರು ಜನ ಹಾಡಿದ್ದು ಆ ಹಾಲಿನ ಗೋಡೆ ದಾಟುವುದಿಲ್ಲ. ಹಾಗೆ ಮಾಡಿದ್ದಕ್ಕೇ ಕುವೈತ್‌ನವರು ಚೆನ್ನಾಗಿದೆ ಅಂದದ್ದು.

ಇದು ಶುರುವಾದದ್ದು ನಿಮ್ಮಿಂದ. ಅಂದರೆ ನಿಮಗೆ ನಾನು ಮಾಡಿದ್ದರಿಂದ.

ಹೋದ ವರ್ಷ ಮಾರ್ಚಿನಲ್ಲಿ ಒಂದು ಭಾನುವಾರದ ವೀಡಿಯೋ ಕೆಳಗೆ ಯಾರೋ ‘ಯಾರ್ರೀ ಆ ಅಜ್ಜಿ ಕಿರುಚ್ತಾ ಇರೋದು’ ಅಂತ ಬರೆದರು. ಅದರ ಕೆಳಗೆ ಆರು ಜನ ನಗುವ ಚಿತ್ರ ಹಾಕಿದರು. ಗಿರಿರಾಜ್ ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ‘ಕೇಳಿ ಅಣ್ಣ, ಟೀಚರ್ ತಲೆ ಮೇಲೇ ಮೈಕ್ ಇದೆ, ನಾನೇನೂ ಮಾಡಕ್ಕಾಗಲ್ಲ’ ಅಂದ. ಕೇಳಿದೆ. ನನಗೆ ಅವಮಾನವಾಯಿತು ಟೀಚರ್. ನಿಮಗಾಗಿ ಅಲ್ಲ, ನನ್ನ ಕ್ವಾಯರಿಗಾಗಿ. ಕಮಿಟಿಯಲ್ಲಿ ಮಾತು ಬಂದಾಗ ಅಯ್ಯನವರು, ‘ಹಿರಿಯರು, ಬೇಜಾರಾಗದ ಹಾಗೆ ಯಾರಾದ್ರೂ ಮಾತಾಡಿ’ ಅಂದರು. ನಾನು ನೋಡಿಕೊಳ್ತೀನಿ ಅಂದೆ.

ಮಾತಾಡಲು ಹೆದರಿದೆ. ಮಾರನೇ ಭಾನುವಾರ ಏಳಕ್ಕೇ ಬಂದು ನಿಮ್ಮ ಕುರ್ಚಿಯನ್ನು ಮೈಕಿನಿಂದ ಎಷ್ಟು ದೂರ ಹಾಕಬಹುದೋ ಅಷ್ಟು ದೂರ ಹಾಕಿದೆ. ಅಲ್ಲಿ ಫ್ಯಾನ್ ಇದ್ದದ್ದು ನನ್ನ ಅದೃಷ್ಟ, ಹೇಳಲು ಒಂದು ನೆಪ ಸಿಕ್ಕಿತು. ‘ಟೀಚರ್, ಮುಂದೆ ತುಂಬಾ ಸೆಖೆ, ನಿಮಗೋಸ್ಕರ ಇಲ್ಲಿ ಹಾಕಿದೀನಿ’ ಅಂದೆ. ನೀವು ನನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಿರಿ. ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಮುಗಿದ ತಕ್ಷಣ ಹೋಗಿ ಮೊದಲನೇ ಹಾಡು ಹಾಡಿಸಿದೆ. ಆ ದಿನ ರೆಕಾರ್ಡಿಂಗ್ ತುಂಬಾ ಚೆನ್ನಾಗಿ ಬಂತು.

ಆಮೇಲೆ ಕಿವಿ ಸೂಕ್ಷ್ಮವಾಗಿಬಿಟ್ಟಿತು. ಮುನಿರಾಜು ಒರಟು ಅನ್ನಿಸಿದ, ಮಕ್ಕಳು ಗಲಾಟೆ ಅನ್ನಿಸಿದರು. ಒಬ್ಬೊಬ್ಬರನ್ನೇ ಎಷ್ಟು ಅಂತ ಹಿಂದೆ ಕೂರಿಸಲಿ? ಮೈಕನ್ನೇ ಬಂದ್ ಮಾಡಿ ಅಂದೆ.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದಿರಿ. ನಾನು ಒಂದು ಮಾತು ಹೇಳಿದ್ದರೆ ನಿಮ್ಮ ಕಿವಿಯ ತೊಂದರೆ ಆವತ್ತೇ ಗೊತ್ತಾಗುತ್ತಿತ್ತು. ಸ್ಕೂಟರ್ ತಾಗುತ್ತಿರಲಿಲ್ಲ, ನೀವು ಊರು ಬಿಡುತ್ತಿರಲಿಲ್ಲ.

ಹೋದ ವಾರ ಪ್ರಭು ಭೋಜನದಲ್ಲಿ ರೊಟ್ಟಿ, ದ್ರಾಕ್ಷಾರಸಕ್ಕೆ ನಾನು ಮುಂದೆ ಹೋಗಲಿಲ್ಲ. ಕಾಣಿಕೆ ತಂದವನು ಮೊದಲು ಹೋಗಿ ತಾನು ನೋಯಿಸಿದವರ ಹತ್ತಿರ ಸಮಾಧಾನ ಮಾಡಿಕೊಂಡು ಬರಲಿ ಅಂತ ಪ್ರಭುವೇ ಹೇಳಿದ್ದಾನೆ. ನೀವೇ ನಮಗೆ ಬಾಯಿಪಾಠ ಮಾಡಿಸಿದ್ದು. ಕ್ಷಮಿಸಿ ಟೀಚರ್. ನನಗೆ ಬೇರೆ ಮಾತು ಬರುತ್ತಿಲ್ಲ.

ಉದಯ


ಬಸವೇಶ್ವರನಗರ
೨೨ ಡಿಸೆಂಬರ್ ೨೦೨೪

ಪ್ರೀತಿಯ ಟೀಚರ್,

ಆರು ವಾರವಾಯಿತು. ಕಾಗದ ತಲುಪಿತೋ ಇಲ್ಲವೋ ಅಂತ ಶುಭಾಗೆ ಫೋನ್ ಮಾಡಿದೆ. ‘ಬಂದಿದೆ ಅಣ್ಣ’ ಅಂದಳು. ಆಮೇಲೆ, ‘ದೊಡ್ಡಮ್ಮ ಓದಿದ್ರು, ಮಡಿಸಿ ಇಟ್ರು’ ಅಂದಳು.

ಡಿಸೆಂಬರ್ ಮೊದಲ ವಾರವೂ ನಾನು ಪ್ರಭು ಭೋಜನದ ಮೇಜಿನ ಹತ್ತಿರ ಹೋಗಲಿಲ್ಲ. ಹಾಡಿಸುವುದು ಮಾತ್ರ ನಿಲ್ಲಿಸಿಲ್ಲ, ಕ್ರಿಸ್‌ಮಸ್ ಹಾಡುಗಳನ್ನು ಬೇರೆ ಯಾರೂ ಕಲಿಸುವವರಿಲ್ಲ. ಬಾಯಿ ಹಾಡುತ್ತಿರುತ್ತದೆ, ಮನಸ್ಸು ಬೆಟಗೇರಿಯಲ್ಲಿರುತ್ತದೆ.

ಬೈದಾದರೂ ಒಂದು ಸಾಲು ಬರೆಯಿರಿ. ಹಬ್ಬಕ್ಕೆ ಮುಂಚೆ ಬಂದರೆ ಮನಸ್ಸು ಹಗುರ ಮಾಡಿಕೊಂಡು ಹಾಡುತ್ತೇನೆ.

ನಿಮ್ಮ ಉದಯ


ಬಸವೇಶ್ವರನಗರ
೩ ಮಾರ್ಚ್ ೨೦೨೫

ಪ್ರೀತಿಯ ಟೀಚರ್,

ಉತ್ತರ ಕೇಳಲು ಬರೆಯುತ್ತಿಲ್ಲ. ನಡೆದದ್ದು ನಿಮಗೆ ತಿಳಿದಿರಲಿ ಅಂತ ಮಾತ್ರ.

ಜನವರಿಯಲ್ಲಿ ಕಮಿಟಿಯ ಮುಂದೆ ಎಲ್ಲ ಹೇಳಿದೆ. ಮುನಿರಾಜುಗೂ ಬೇರೆಯವರಿಗೂ ಕಾರ್ಡಿನ ವಿಷಯ ಬಿಡಿಸಿ ಹೇಳಿದೆ. ಮುನಿರಾಜು, ‘ಹಂಗಾದ್ರೆ ನಮ್ಮೂರಲ್ಲಿ ನಮ್ಮಕ್ಕ ನೋಡ್ತಾಳಲ್ಲ, ಅವ್ಳಿಗೂ ನಾನು ಕೇಳ್ಸಿಲ್ವಾ?’ ಅಂದ.

ಸಭೆಯ ಮೈಕು ಈಗ ಚಾಲೂ ಇದೆ. ಮಕ್ಕಳು ಅಳುವುದು, ಕೆಮ್ಮು, ಹೊರಗೆ ಹೋಗುವ ಬಸ್ಸು, ಎಲ್ಲ ಕೇಳಿಸುತ್ತದೆ. ಗಿರಿರಾಜ್ ‘ಮಿಕ್ಸಿಂಗ್ ಪೂರ್ತಿ ಹಾಳಾಯ್ತಲ್ಲ ಅಣ್ಣ’ ಅಂತ ಮುಖ ಊದಿಸಿಕೊಂಡಿದ್ದಾನೆ. ನೋಡುವವರ ಸಂಖ್ಯೆ ನಲವತ್ತಕ್ಕೆ ಇಳಿದಿದೆ.

ನಾನು ಇನ್ನೂ ಮೇಜಿನ ಹತ್ತಿರ ಹೋಗಿಲ್ಲ. ಐದು ಸಲ ತಪ್ಪಿತು. ಎಲ್ಲರೂ ಎದ್ದು ಮುಂದೆ ಹೋಗುವಾಗ ನಾನು ಹಾಡಿನ ಪುಸ್ತಕ ತಿರುವಿ ಹಾಕುತ್ತಿರುತ್ತೇನೆ. ಅಯ್ಯನವರು ಒಂದು ಸಲ ಕೇಳಿದರು, ಟೀಚರ್ ಕ್ಷಮಿಸುವ ತನಕ ಬರುವುದಿಲ್ಲ ಅಂದೆ. ನನ್ನಂಥವನು ಹಾಡಿಸುವುದೂ ಸರಿಯಲ್ಲ ಅನ್ನಿಸುತ್ತದೆ. ಈಸ್ಟರ್ ಆದ ಮೇಲೆ ಕ್ವಾಯರ್ ಬಿಡುತ್ತೇನೆ ಅಂತ ಹೇಳಿದ್ದೇನೆ.

ಉದಯ


ಬೆಟಗೇರಿ
೧೪ ಏಪ್ರಿಲ್ ೨೦೨೫, ಸ್ಪೀಡ್ ಪೋಸ್ಟ್

ಉದಯನಿಗೆ,

ನಿನ್ನ ಮೂರೂ ಕಾಗದ ಬಂದಿವೆ. ಉತ್ತರ ಬರೆಯದೆ ಇದ್ದದ್ದು ಬೇಕೆಂದೇ.

ನನಗೆ ಮೊದಲೇ ಗೊತ್ತಿತ್ತು ಅಂತ ಬರೆದರೆ ನಿನಗೆ ಸಮಾಧಾನವಾಗುತ್ತಿತ್ತು. ಗೊತ್ತಿರಲಿಲ್ಲ. ನಿನ್ನ ಕಾಗದ ಓದುವ ತನಕ ಆ ಕುರ್ಚಿ ನನ್ನ ಬದುಕಿನಲ್ಲಿ ಯಾರೋ ತಾವಾಗಿ ಮಾಡಿದ ಒಂದು ಉಪಕಾರವಾಗಿತ್ತು. ಅದನ್ನೂ ಕಿತ್ತುಕೊಂಡೆ. ಹೇಳಿದ್ದರಿಂದ ನಿನ್ನ ಭಾರ ಇಳಿಯಿತೋ ಏನೋ, ಅದು ಬಂದು ಬಿದ್ದದ್ದು ನನ್ನ ತಲೆಯ ಮೇಲೆ. ಮಹಿಳಾ ಕೂಟದಲ್ಲಿ ನಿನ್ನ ಬಗ್ಗೆ ಎಷ್ಟು ಹೇಳಿಕೊಂಡಿದ್ದೆನಲ್ಲ, ಆಮೇಲೆ ಎರಡು ತಿಂಗಳು ನಾನು ಅಲ್ಲಿಗೆ ಹೋಗಲಿಲ್ಲ. ಉಪವಾಸ ಸಾಕು ಅಂತ ಶುಭಾಳ ಕೈಯಲ್ಲಿ ಹೇಳಿ ಕಳಿಸಿದೆ.

ಹಾಡುವುದನ್ನೂ ಬಿಟ್ಟೆ. ಬಾಯಿ ತೆರೆದರೆ ಮುಂದಿನ ಸಾಲಿನವರ ಕತ್ತು ನೋಡುತ್ತಿದ್ದೆ, ಯಾರಾದರೂ ತಿರುಗುತ್ತಾರಾ ಅಂತ. ನವೆಂಬರಿನಿಂದ ಮಾರ್ಚ್ ಕೊನೆಯ ತನಕ ಒಂದು ಸಾಲೂ ಹಾಡಿಲ್ಲ. ಕ್ರಿಸ್‌ಮಸ್ ದಿನವೂ ಹಾಡಲಿಲ್ಲ. ಅದು ನಿನಗೆ ಗೊತ್ತಿರಲಿ.

ಈಗ ನಿನ್ನ ವಿಷಯ. ಟೀಚರ್ ಕ್ಷಮಿಸುವ ತನಕ ಮೇಜಿಗೆ ಹೋಗುವುದಿಲ್ಲ ಅಂದೆಯಂತೆ. ನನ್ನನ್ನು ಕೇಳಿ ಅಂದೆಯಾ? ನಿನಗೂ ಕರ್ತನಿಗೂ ನಡುವೆ ನನ್ನನ್ನು ಬಾಗಿಲ ಹಾಗೆ ನಿಲ್ಲಿಸಲು ನಿನಗೆ ಯಾರು ಹೇಳಿದರು? ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬಾ ಅಂತ ಆತ ಹೇಳಿದ್ದು ನಿಜ. ನೀನು ಬಂದೆ, ಹೇಳಿದೆ, ನಿನ್ನ ಕೆಲಸ ಮುಗಿಯಿತು. ನನ್ನ ಉತ್ತರ ಹಬ್ಬದೊಳಗೆ ಬರಬೇಕು ಅನ್ನುವುದು ಆ ಮಾತಿನಲ್ಲಿ ಎಲ್ಲಿದೆ? ಕೈ ತೊಳೆದುಕೊಂಡು ಶುದ್ಧವಾಗಿ ಹಾಡಬೇಕು ಅನ್ನುವ ಆಸೆ ನಿನಗೆ. ಲೈವ್‌ನಲ್ಲಿ ಒಂದು ಅಪಶ್ರುತಿ ಇರಬಾರದು ಅಂದವನು, ಈಗ ಎದೆಯೊಳಗೂ ಇರಬಾರದು ಅನ್ನುತ್ತೀಯ. ಎಲ್ಲ ಸರಿಮಾಡಿಕೊಂಡ ಮೇಲೆ ಹೋಗುವುದಾದರೆ ಅಲ್ಲಿಗೆ ಯಾರು ಹೋಗಬೇಕು?

ನಮ್ಮಮ್ಮನಿಗೆ ಓದು ಬರುತ್ತಿರಲಿಲ್ಲ. ನಾಲ್ಕು ಮನೆಯ ಪಾತ್ರೆ ತೊಳೆದು ಬಂದು ಭಾನುವಾರ ದೇವಾಲಯದಲ್ಲಿ ಕೂರುತ್ತಿದ್ದಳು. ಹಾಡಿನಲ್ಲಿ ಅರ್ಧ ಪದ ಅವಳದೇ. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಬಂದ ಹೊಸದರಲ್ಲಿ ‘ಸುಮ್ನಿರಮ್ಮ, ನಾಚ್ಕೆ ಆಗತ್ತೆ’ ಅಂದಿದ್ದೆ. ‘ವಾರ ಪೂರ್ತಿ ನನ್ನ ದನಿ ಯಾರಿಗೆ ಬೇಕು ಮಗಾ, ಇಲ್ಲಾದ್ರೂ ಆತ ಕೇಳಲಿ ಬಿಡು’ ಅಂದಳು. ನಿನ್ನ ಮೇಲಿನ ಸಿಟ್ಟಿನಲ್ಲಿ ಇದನ್ನು ನೆನೆಯುತ್ತಾ ಹೋದೆ. ಹೋದ ಹಾಗೆ ನನಗೇ ತಿರುಗಿ ಬಡಿಯಿತು. ಅಮ್ಮನ ಹತ್ತಿರ ನಾನು ಎಂದೂ ಕ್ಷಮೆ ಕೇಳಲಿಲ್ಲ. ನೀನು ಕೇಳಿದೆ. ಅಷ್ಟರ ಮಟ್ಟಿಗೆ ನೀನು ನನಗಿಂತ ಮೇಲು.

ಹಾಗಂತ ತಕ್ಷಣ ಕ್ಷಮಿಸಿಬಿಟ್ಟೆ ಅಂದುಕೊಳ್ಳಬೇಡ. ಕರ್ತನ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಅಂತ ಹೇಳುವ ಸಾಲು ಬರುತ್ತದಲ್ಲ, ಪ್ರತಿ ವಾರ ಅಲ್ಲಿಗೆ ಬಂದು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಆ ಸಾಲು ಬಿಟ್ಟು ಮುಂದಿನದಕ್ಕೆ ಸೇರಿಕೊಳ್ಳುತ್ತಿದ್ದೆ. ದೇವರ ಮುಂದೆ ನಿಂತು ಸುಳ್ಳು ಹೇಳಲಾರೆ. ಎಷ್ಟೋ ವಾರ ಹೀಗೇ ಆಯಿತು.

ನಿನ್ನೆ ಗರಿಗಳ ಭಾನುವಾರ, ಈಸ್ಟರಿಗೆ ಇನ್ನೊಂದೇ ವಾರ. ಆ ಸಾಲು ಬಂತು, ನಿಲ್ಲಿಸಿದೆ. ಎಲ್ಲರೂ ಮುಂದೆ ಹೋದರು. ನನಗೆ ಈ ಸಲ ಬಿಟ್ಟು ಹೋಗಲು ಆಗಲಿಲ್ಲ. ಹೇಳಿಬಿಟ್ಟೆ, ನಿನ್ನ ಹೆಸರು ಮನಸ್ಸಿನಲ್ಲಿಟ್ಟುಕೊಂಡು. ಮುಂದಿನ ವಾರ ಮತ್ತೆ ಬಾಯಿ ಕಟ್ಟಿದರೂ ಕಟ್ಟಬಹುದು, ಗೊತ್ತಿಲ್ಲ. ನಿನ್ನೆ ಮಾತ್ರ ಹೇಳಿದೆ. ಅಷ್ಟರಲ್ಲಿ ಎಲ್ಲರೂ ಪ್ರಾರ್ಥನೆಯ ಕೊನೆ ಮುಟ್ಟಿಬಿಟ್ಟಿದ್ದರು. ಇಡೀ ದೇವಾಲಯ ನಿಶ್ಶಬ್ದ. ನನ್ನದೊಂದೇ ದನಿ, ಒಡಕು ದನಿ, ನಡುಮಧ್ಯದಲ್ಲಿ. ನಾಲ್ಕಾರು ಜನ ತಿರುಗಿ ನೋಡಿದರು. ನಿಲ್ಲಿಸಲಿಲ್ಲ, ಉಳಿದ ಸಾಲುಗಳನ್ನೂ ಒಬ್ಬಳೇ ಹೇಳಿದೆ.

ಮುಗಿಸಿ ತಲೆಯೆತ್ತಿದರೆ ಇಲ್ಲಿಯ ಅಯ್ಯನವರು ಇನ್ನೂ ಕೈ ಜೋಡಿಸಿಕೊಂಡೇ ನಿಂತಿದ್ದರು. ಯಾರೂ ಆಮೆನ್ ಅಂದಿರಲಿಲ್ಲ. ನನಗಾಗಿ ಕಾಯುತ್ತಿದ್ದರು ಕಣೋ. ಎಲ್ಲರೂ ಸೇರಿ ಅಂದೆವು.

ಗುರುವಾರ ಕಡೇ ಭೋಜನದ ಆರಾಧನೆ. ಮೇಜಿಗೆ ಹೋಗು.

ಸತ್ಯವತಿ